ಇಂಗಿನ ಡಬ್ಬಿಯ ಟಿ.ಸಿ. ಮತ್ತು ನನ್ನ ಸೈನು

ನಮ್ಮ ಮನೆಯವರ ಸೈನು ಯಾವ ಕಚೇರಿಯಲ್ಲೂ ನಡೆಯುವುದಿಲ್ಲ ಎಂದು ಹೇಳಿದವರು ನನ್ನ ದೊಡ್ಡಪ್ಪಯ್ಯ. ಬೇರೆ ಯಾರಾದರೂ ಅಂದಿದ್ದರೆ ಜಗಳ ಮಾಡಿ ಮರೆತುಬಿಡುತ್ತಿದ್ದೆ. ದೊಡ್ಡಪ್ಪಯ್ಯ ಅಂದದ್ದರಿಂದ ಜಗಳ ಮಾಡಲಿಕ್ಕಾಗಲಿಲ್ಲ, ಹಾಗಾಗಿ ಮರೆಯಲಿಕ್ಕೂ ಆಗಲಿಲ್ಲ. ನಾನು ಅನುವಾದಕಿಯಾಗುತ್ತೇನೆ, ನನ್ನ ಸೈನು ಮತ್ತು ಸೀಲು ಇದ್ದ ಕಾಗದ ದೇಶ ವಿದೇಶಕ್ಕೆಲ್ಲ ಹೋಗುತ್ತದೆ ಎಂದು ಎಂ.ಎ. ಮುಗಿಸಿದ ಹುಮ್ಮಸ್ಸಿನಲ್ಲಿ ನಾನು ಜಂಬ ಕೊಚ್ಚಿಕೊಂಡ ದಿನ ಅವರು ಹುಳಿಗೆ ಒಗ್ಗರಣೆ ಹಾಕುತ್ತಾ, ತಿರುಗಿ ಕೂಡ ನೋಡದೆ ಹೇಳಿದ್ದರು: "ಕಾಣ್ ಹೆಣೆ, ನಮ್ಮನಿಯವ್ರ್ ಕೈ ಹಿಟ್ಟಿಗೆ ಆತ್ತ್, ಹುಳಿಗೆ ಆತ್ತ್. ಸೈನಿಗೆ ಆತಿಲ್ಲೆ."

ಇವತ್ತು ಬೆಳಿಗ್ಗೆ ಆ ಮಾತು ಮತ್ತೆ ನೆನಪಾದದ್ದು ಇಂಗಿನ ವಾಸನೆಯಿಂದ. ಚೆನ್ನೈಯ ಕ್ರೋಂಪೇಟೆ ಸ್ಟೇಷನ್ನಿನ ಹತ್ತಿರ ಜೆರಾಕ್ಸ್ ಅಂಗಡಿಯೊಂದರ ಮೇಲೆ ನನ್ನದೊಂದು ಕೋಣೆ ಇದೆ. ಒಂದು ಮೇಜು, ಒಂದು ಕಂಪ್ಯೂಟರು, ಬಂದವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಕನ್ನಡದಲ್ಲೋ ತಮಿಳಿನಲ್ಲೋ ಇರುವ ಜನನಪತ್ರ, ಮದುವೆಪತ್ರ, ಶಾಲೆಯ ಟಿ.ಸಿ. ಇವುಗಳನ್ನು ಇಂಗ್ಲಿಷಿಗೆ ತಂದು, ಇದು ಮೂಲದಲ್ಲಿದ್ದಂತೆಯೇ ಇದೆ ಎಂದು ಬರೆದು, ಸೈನು ಹಾಕಿ ಸೀಲು ಒತ್ತಿ ಕೊಡುವುದು ನನ್ನ ಕೆಲಸ. ವೀಸಾಕ್ಕೆ ಅರ್ಜಿ ಹಾಕುವವರೇ ಹೆಚ್ಚು. ಚೆನ್ನೈಯಲ್ಲಿ ಕನ್ನಡದ ಕಾಗದ ಹೇಗೂ ವಿದೇಶದ ಕಾಗದವೇ. ಏಜೆಂಟರು ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ತಮಿಳಲ್ಲ, ತೆಲುಗೂ ಇರಲಿಕ್ಕಿಲ್ಲ ಎಂದು ತೀರ್ಮಾನಿಸಿ ನನ್ನ ಹತ್ತಿರ ಕಳಿಸುತ್ತಾರೆ. ಸಮುದ್ರ ದಾಟುವ ಮುಂಚೆ ಅದು ನನ್ನ ಮೆಟ್ಟಿಲು ಹತ್ತಬೇಕು.

ಸೀಲಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೆಸರು, ಎಂ.ಎ., ಅನುವಾದಕರ ಸಂಘದ ಸದಸ್ಯೆ, ಇಷ್ಟು ಅದರಲ್ಲಿ ಬರಬೇಕು ಎಂದಾಗ ಸೀಲು ಮಾಡುವವನು ಎಂ.ಎ. ತೆಗೆದರೆ ಅಳತೆಗೆ ಸರಿಹೋಗುತ್ತದೆ ಎಂದ. ಆ ಎಂ.ಎ.ಗಾಗಿ ನಾನು ಏಳು ವರ್ಷ ಬೆಳಿಗ್ಗೆ ದೊಡ್ಡಪ್ಪಯ್ಯ ಅಡಿಗೆಗಿದ್ದ ವಡಪಳನಿಯ ಹೋಟೆಲಿನಲ್ಲಿ ಈರುಳ್ಳಿ ಹೆಚ್ಚಿ ಮಧ್ಯಾಹ್ನ ಕಾಲೇಜಿಗೆ ಓಡಿದವಳು. ನನ್ನ ನೋಟ್ಸಿನ ಹಾಳೆಗಳ ಮೇಲೆ ಕಣ್ಣೀರಿನ ಕಲೆ ಇರುವುದು ಕಾವ್ಯಕ್ಕೆ ಕರಗಿ ಅಲ್ಲ. ಎಂ.ಎ. ಇರಲಿ, ಸೀಲೇ ದೊಡ್ಡದಾಗಲಿ ಎಂದೆ. ಆಯಿತು. ಈಗ ಅದು ದೋಸೆ ಹಾಕಲು ಹೊರಟವರ ಹಾಗೆ ಹಾಳೆಯ ಕೆಳಗೆ ನಾಲ್ಕು ಬೆರಳು ಜಾಗ ಕೇಳುತ್ತದೆ.

ಬೆಳಿಗ್ಗೆ ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಕವರೊಂದನ್ನು ಇಟ್ಟು ಎದುರು ಕೂತವನು ಶಂಕರ. ದೊಡ್ಡಪ್ಪಯ್ಯ ಇದ್ದ ಅದೇ ವಡಪಳನಿಯ ಹೋಟೆಲಿನ ದೋಸೆ ಮಾಸ್ಟರು. ಕವರು ಬಿಡಿಸಿದ ಕೂಡಲೇ ಗಾಢವಾದ ಇಂಗಿನ ವಾಸನೆ ಕೋಣೆ ತುಂಬಿತು. ಕೆಳಗಿನ ಜೆರಾಕ್ಸಿನವನು ಮೇಲೆ ಅಡಿಗೆ ಶುರುವಾಯಿತೇ ಎಂದು ಕೂಗಿ ಕೇಳಿದ. ಶಂಕರನ ಟಿ.ಸಿ.ಯನ್ನು ಕೈಗೆತ್ತಿಕೊಂಡು ನಾನು ಸ್ವಲ್ಪ ಹೊತ್ತು ಏನೂ ಓದದೆ ಮೂಗಿಗೆ ಹಿಡಿದು ಕೂತೆ. ನೀವೂ ಸ್ವಲ್ಪ ಕೂತಿರಿ. ಆರು ವರ್ಷ ಹಿಂದೆ ಹೋಗಿ ಬರೋಣ.

ನಮ್ಮದು ಕುಂದಾಪುರದ ಕಡೆ. ಆ ಕಡೆಯಿಂದ ಬಂದು ಮದ್ರಾಸಿನಲ್ಲಿ ಹೋಟೆಲು ಇಟ್ಟವರ, ಇಟ್ಟವರ ಕೈಕೆಳಗೆ ನಿಂತವರ ಸಂತಾನ ನಾವೆಲ್ಲ. ನಮ್ಮವರು ಎರಡನೆಯ ಪಂಗಡ. ದೊಡ್ಡಪ್ಪಯ್ಯನ ಹೆಸರು ವಾಸುದೇವ. ಏಳನೆಯ ತರಗತಿಗೆ ಊರಿನ ಶಾಲೆ ಬಿಟ್ಟು ಬಂದವರು. ಅಪ್ಪಯ್ಯ ಅವರ ತಮ್ಮ, ದೊಡ್ಡವರಾದ ಮೇಲೆ ಬಂದು ಅದೇ ಹೋಟೆಲಿನ ರುಬ್ಬುವ ಮಿಷನ್ನಿನ ಪಕ್ಕ ನಿಂತವರು. ನಾನು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಅಪ್ಪಯ್ಯ ಹೋಗಿಬಿಟ್ಟರು. ಆಮೇಲೆ ನನ್ನನ್ನೂ ಅಮ್ಮನನ್ನೂ ನೋಡಿಕೊಂಡವರು ಮದುವೆಯ ಗೋಜಿಗೇ ಹೋಗದ ದೊಡ್ಡಪ್ಪಯ್ಯ. ನೋಡಿಕೊಂಡ ರೀತಿ ಮಾತ್ರ ಅವರದೇ. ಒಳ್ಳೆಯ ಮಾತು ಬಾಯಿಂದ ಬರುತ್ತಿರಲಿಲ್ಲ. ಕೈಯಿಂದ ಬರುತ್ತಿತ್ತು, ಅದೂ ಅಡ್ಡಾದಿಡ್ಡಿಯಾಗಿ.

ಉದಾಹರಣೆಗೆ ನನ್ನ ಬಿ.ಎ. ಸರ್ಟಿಫಿಕೇಟು. ನಮ್ಮ ವಂಶದಲ್ಲಿ ಮೊದಲನೆಯದು. ಮನೆಗೆ ತಂದ ಮರುದಿನ ಅದು ಕಾಣೆಯಾಯಿತು. ಸಂಜೆ ನೋಡಿದರೆ ದೊಡ್ಡಪ್ಪಯ್ಯ ಅದನ್ನು ಹೋಟೆಲಿನ ಹೊಸ ಮೆನು ಕಾರ್ಡುಗಳ ಜೊತೆ ಲ್ಯಾಮಿನೇಟ್ ಮಾಡಿಸಿಕೊಂಡು ಬಂದಿದ್ದರು, ಎಣ್ಣೆಕೈ ತಾಗಿದರೂ ಒರೆಸಬಹುದು ಎಂದು. ಮುಂದೆ ಸಂಘದ ಸದಸ್ಯತ್ವಕ್ಕೆ ಅದನ್ನು ಪರಿಶೀಲನೆಗೆ ಕೊಟ್ಟಾಗ ಗುಮಾಸ್ತರು ಅದನ್ನು ಬಗ್ಗಿಸಿ ನೋಡಿ, ಈ ಪ್ಲಾಸ್ಟಿಕ್ಕಿನ ಮೇಲೆ ಮೊಹರು ಕೂರುವುದಿಲ್ಲ, ಬೇರೆ ಪ್ರತಿ ಮಾಡಿಸು ಎಂದು ವಾಪಸು ಕಳಿಸಿದರು. ಬೇರೆ ಪ್ರತಿ ಬರಲು ಐದು ತಿಂಗಳು. ಮೊದಲಿನದನ್ನು ದೊಡ್ಡಪ್ಪಯ್ಯ ಹೋಟೆಲಿನ ಕೈತೊಳೆಯುವ ಜಾಗದ ಮೇಲೆ ಮೊಳೆ ಹೊಡೆದು ತೂಗುಹಾಕಿದರು. ಸ್ಟುಡಿಯೋಗಳಿಂದ ಊಟಕ್ಕೆ ಬರುವ ಲೈಟಿನವರು, ಮೇಕಪ್ಪಿನವರು, ಡ್ಯಾನ್ಸಿನವರು ಎಲ್ಲ ಕೈ ತೊಳೆಯುತ್ತಾ ನನಗೆ ಯಾವ ವಿಷಯದಲ್ಲಿ ಎಷ್ಟನೆಯ ದರ್ಜೆ ಬಂತು ಎಂದು ಓದಿಕೊಂಡು ಹೋದರು. ಅಷ್ಟು ಜನ ಓದಿದ ಬಿ.ಎ. ಈ ಊರಲ್ಲಿ ಇನ್ನೊಂದಿರಲಿಕ್ಕಿಲ್ಲ.

ಇಂಥ ದೊಡ್ಡಪ್ಪಯ್ಯನಿಗೆ ಐವತ್ತಮೂರನೆಯ ವಯಸ್ಸಿನಲ್ಲಿ ನ್ಯೂಜಿಲೆಂಡಿನಿಂದ ಕರೆ ಬಂತು. ಹೋಟೆಲಿನ ಯಜಮಾನರು, ಮುದಲಾಳಿ ಪದ್ಮನಾಭಯ್ಯನವರು, ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಮೊಮ್ಮಗಳು ಅಪರ್ಣಾ ಆಕ್ಲೆಂಡಿನಲ್ಲಿ ಒಂದು ಸಸ್ಯಾಹಾರಿ ಹೋಟೆಲು ತೆರೆದಿದ್ದಳು. ಮೂರು ಅಡಿಗೆಯವರು ಬಂದು ಹೋದರೂ ಅಜ್ಜನ ಹೋಟೆಲಿನ ಹುಳಿಯ ರುಚಿ ಬರಲಿಲ್ಲವಂತೆ. ವಾಸುದೇವಣ್ಣನೇ ಆಗಬೇಕು ಎಂದು ಕೆಲಸದ ಪತ್ರ ಕಳಿಸಿಬಿಟ್ಟಳು. ತಿರುಪತಿಯಿಂದ ಆಚೆ ಹೋದವರಲ್ಲ ನಮ್ಮ ದೊಡ್ಡಪ್ಪಯ್ಯ. ಹೋಗುವುದಿಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರು ಪತ್ರವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿ, ಜೇಬಿನ ಮೇಲೆ ಕೈ ಇಟ್ಟುಕೊಂಡು ಹೇಳಿದರು: "ನಲವತ್ತ್ ವರ್ಷದಗೆ ನನ್ನೇ ಬೇಕ್ ಅಂದ್ ಯಾರಾದ್ರೂ ಕೇಳದ್ದ್ ಇದೇ ಮೊದ್ಲ್." ಅವರು ತಮಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಏಜೆಂಟರು ಕೇಳಿದ ಕಾಗದಗಳ ಪಟ್ಟಿಯಲ್ಲಿ ಹುಟ್ಟಿದ ದಿನ, ಹುಟ್ಟಿದ ಊರಿನ ಪುರಾವೆಯೂ ಇತ್ತು. ಜನನಪತ್ರ ದೊಡ್ಡಪ್ಪಯ್ಯನಿಗಿಲ್ಲ. ಇದ್ದದ್ದು ಊರಿನ ಶಾಲೆಯ ಟಿ.ಸಿ. ಒಂದೇ. ಕನ್ನಡದಲ್ಲಿದೆ, ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಬೇಕು ಎಂದರಂತೆ. ದೊಡ್ಡಪ್ಪಯ್ಯ ಮರುದಿನವೇ ವಡಪಳನಿಯಿಂದ ಕ್ರೋಂಪೇಟೆಗೆ ಬಂದು ನನ್ನ ಮೇಜಿನ ಮೇಲೆ ಒಂದು ಹಳೆಯ ಇಂಗಿನ ಡಬ್ಬಿ ಇಟ್ಟರು. ಮುಚ್ಚಳ ತೆಗೆದರು. ಇಂಗಿನ ಡಬ್ಬಿಗೆ ಗೆದ್ದಲು ಬರುವುದಿಲ್ಲ ಎಂದು ಆ ಕಾಗದವನ್ನು ನಲವತ್ತು ವರ್ಷ ಅದರಲ್ಲೇ ಇಟ್ಟಿದ್ದರಂತೆ. ಗೆದ್ದಲು ಬಿಡಿ, ಅದನ್ನು ಬಿಡಿಸಿದಾಗ ನೊಣ ಕೂಡ ಕೋಣೆ ಬಿಟ್ಟು ಹೋಯಿತು.

ಸುಳ್ಳು ಯಾಕೆ ಹೇಳಲಿ, ನಾನು ಆ ದಿನಕ್ಕಾಗಿ ಕಾದಿದ್ದೆ. ನಮ್ಮ ಮನೆಯವರ ಸೈನು ನಡೆಯುವುದಿಲ್ಲ ಎಂದವರು ಅದೇ ಸೈನಿಗಾಗಿ ನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬೇಕೆಂದೇ ಫೋನಿನಲ್ಲಿ ಯಾರೊಡನೆಯೋ ಇಂಗ್ಲಿಷಿನಲ್ಲಿ ಮಾತಾಡಿದೆ. ಬೇಕೆಂದೇ ಕನ್ನಡಕ ಒರೆಸಿಕೊಂಡೆ. ಆಮೇಲೆ ಟಿ.ಸಿ.ಯನ್ನು ಓದಿದೆ. ಹೆಸರು ವಾಸುದೇವ. ತಂದೆ ಅನಂತಯ್ಯ. ಗುಣನಡತೆ ಒಳ್ಳೆಯದು. ಅದರ ಪಕ್ಕದಲ್ಲಿ, ಕೇಳದೆಯೇ, ಹೆಡ್‌ಮಾಸ್ತರರು ಸಣ್ಣ ಅಕ್ಷರದಲ್ಲಿ ಸೇರಿಸಿದ್ದರು: ಓದಿನಲ್ಲಿ ಬಹಳ ಮುಂದು. ಶಾಲೆ ಬಿಡಲು ಕಾರಣ ಎಂಬಲ್ಲಿ: ಹೋಟೆಲಿಗೆ ಹೋದನು.

ನಮ್ಮ ಕಡೆಯ ಆ ಕಾಲದ ಅರ್ಧ ಟಿ.ಸಿ.ಗಳಲ್ಲಿ ಕಾರಣ ಅದೇ ಇರುತ್ತದೆ. ಹೋಟೆಲಿಗೆ ಹೋದನು. ಯಾವ ಹೋಟೆಲು, ಯಾಕೆ, ಎಷ್ಟು ದಿನಕ್ಕೆ ಎಂದು ಯಾರೂ ಕೇಳುವುದಿಲ್ಲ. ಊರಿಗೆ ಊರೇ ತಿಳಿದ ವಿಷಯ. ಆದರೆ ಹಾಗೇ ಇಂಗ್ಲಿಷಿನಲ್ಲಿ ಬರೆದರೆ, ಹುಡುಗ ತಿಂಡಿ ತಿನ್ನಲು ಹೋದವನು ವಾಪಸು ಬರಲಿಲ್ಲ ಎಂದು ಆಕ್ಲೆಂಡಿನ ಅಧಿಕಾರಿ ಅಂದುಕೊಂಡಾನು. ಅಡಿಗೆಮನೆಯ ಕೆಲಸಕ್ಕೆ ಸೇರಲು ಶಾಲೆ ಬಿಟ್ಟನು ಎಂದು ತಿಳಿಯುವ ಹಾಗೆ ಬರೆದೆ. ಓದಿನಲ್ಲಿ ಬಹಳ ಮುಂದು ಎಂಬುದನ್ನು ಬರೆದು ತಲೆ ಎತ್ತಿ ನೋಡಿದೆ. ದೊಡ್ಡಪ್ಪಯ್ಯ ಕಿಟಕಿಯಾಚೆ ರೈಲು ನೋಡುತ್ತಿದ್ದರು.

ಅಚ್ಚು ತೆಗೆದೆ. ಸೀಲನ್ನು ಪ್ಯಾಡಿಗೆ ಒತ್ತಿ ಎತ್ತಿದೆ. ಕೆಳಗೆ ನನ್ನ ಎಲ್ಲ ಅನುವಾದಗಳಲ್ಲೂ ತಾನಾಗಿ ಬರುವ ಒಂದು ಸಾಲಿದೆ. ನೂರಾರು ಸಲ ಅಚ್ಚಾದ, ನಾನು ಓದುವುದನ್ನೇ ಬಿಟ್ಟಿದ್ದ ಸಾಲು. ಅರ್ಜಿದಾರರಿಗೂ ನನಗೂ ಯಾವ ಸಂಬಂಧವೂ ಇಲ್ಲ ಎಂದು ದೃಢೀಕರಿಸುತ್ತೇನೆ. ವೀಸಾದವರು ಮನೆಯವರ ಅನುವಾದ ಒಪ್ಪುವುದಿಲ್ಲ. ಏಜೆಂಟರ ಪಟ್ಟಿಯಲ್ಲೂ ಅದನ್ನು ದಪ್ಪಕ್ಷರದಲ್ಲಿ ಹಾಕಿದ್ದರು. ಸೀಲು ಗಾಳಿಯಲ್ಲೇ ನಿಂತಿತು. ಮಸಿಯ ಒಂದು ಹನಿ ಮೇಜಿಗೆ ಬಿತ್ತು.

ಹೀಗಿದೆ ದೊಡ್ಡಪ್ಪಯ್ಯ, ನೀವು ನನ್ನ ದೊಡ್ಡಪ್ಪಯ್ಯ ಆದದ್ದೇ ತೊಂದರೆ ಎಂದೆ. ಅವರು ಮೊದಲು ನಕ್ಕರು. ಆಮೇಲೆ, ಹೋಟೆಲಿನಲ್ಲಿ ನಲವತ್ತು ವರ್ಷ ಕಳೆದವರ ಸಮಯಸ್ಫೂರ್ತಿಯಿಂದ, ಜೇಬಿನಿಂದ ಪಾಸ್‌ಪೋರ್ಟು ತೆಗೆದು ನನ್ನ ಮುಂದಿಟ್ಟರು. ತಂದೆಯ ಹೆಸರು: ಪದ್ಮನಾಭಯ್ಯ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೋಟೆಲಿನ ಮಾಳಿಗೆಯಲ್ಲಿ ಉಳಿದುಕೊಂಡಿದ್ದ ಎಳೆಯರನ್ನು ಮುದಲಾಳಿ ಸಂಜೆ ಶಾಲೆಗೆ ಸೇರಿಸುತ್ತಿದ್ದರು. ಅರ್ಜಿಯಲ್ಲಿ ತಂದೆಯ ಹೆಸರು ಎಂದು ಕೇಳಿದ ಕಡೆ ತಮ್ಮ ಹೆಸರನ್ನೇ ಬರೆಸುತ್ತಿದ್ದರು. ಅನ್ನ ಹಾಕುವವನೇ ತಂದೆ ಎಂಬ ದೊಡ್ಡ ಮನಸ್ಸು ಎಂದು ದೊಡ್ಡಪ್ಪಯ್ಯನ ವ್ಯಾಖ್ಯಾನ. ಊರಿಂದ ತಂದೆಯನ್ನು ಕರೆಸಿ ಹೆಬ್ಬೆಟ್ಟು ಒತ್ತಿಸುವ ತಾಪತ್ರಯ ತಪ್ಪಿತು ಎಂಬ ಲೆಕ್ಕಾಚಾರ ಎಂದು ನನ್ನದು. ಶಾಲೆಯ ಕಾಗದ ನೋಡಿ ರೇಷನ್ ಕಾರ್ಡು, ರೇಷನ್ ಕಾರ್ಡು ನೋಡಿ ಮತದಾರರ ಚೀಟಿ, ಅದನ್ನು ನೋಡಿ ಪಾಸ್‌ಪೋರ್ಟು. ಹೀಗೆ ಕಾಗದದ ಮೇಲೆ ಪದ್ಮನಾಭಯ್ಯನವರಿಗೆ ಹನ್ನೊಂದು ಗಂಡುಮಕ್ಕಳಾದರು. ಅವರಲ್ಲಿ ನಾಲ್ವರು ಒಂದೇ ವರ್ಷ ಹುಟ್ಟಿದವರು. ಅವರ ಹೆಂಡತಿ, ಪಾಪ, ಹೆತ್ತದ್ದು ಒಬ್ಬನನ್ನು.

"ಕಾಣ್, ಕಾಗದದಗೆ ನಾನ್ ಪದ್ಮನಾಭಯ್ಯನ ಮಗ. ನಿನ್ನಜ್ಜ ಬೇರೆ. ಮತ್ತೆ ಸಂಬಂಧ ಎಲ್ಲಿಂದ ಬಂತ್?" ಎಂದರು ದೊಡ್ಡಪ್ಪಯ್ಯ.

ಒಂದು ನಿಮಿಷ ನನಗೂ ಆಸೆಯಾಯಿತು. ಪಾಸ್‌ಪೋರ್ಟಿನ ಪ್ರಕಾರ ಅವರು ನನಗೆ ಯಾರೂ ಅಲ್ಲ. ಆದರೆ ಅದನ್ನೇ ಹಿಡಿದರೆ ಕೆಲಸ ಕೊಟ್ಟ ಅಪರ್ಣಾ ದೊಡ್ಡಪ್ಪಯ್ಯನಿಗೆ ಅಣ್ಣನ ಮಗಳಾಗುತ್ತಾಳೆ. ಸಂಬಂಧಿಕರನ್ನು ಕರೆಸಿಕೊಳ್ಳಲು ಕೆಲಸದ ನೆಪ ಮಾಡಿದ್ದಾಳೆ ಎಂದು ಅಧಿಕಾರಿಗಳು ಹುಬ್ಬೇರಿಸುತ್ತಾರೆ. ಟಿ.ಸಿ.ಯನ್ನು ಹಿಡಿದರೆ ಅಪರ್ಣಾ ಯಾರೂ ಅಲ್ಲ, ನಿಜ. ಆಗ ನಾನು ತಮ್ಮನ ಮಗಳಾಗಿಬಿಡುತ್ತೇನೆ. ವಿಚಿತ್ರವೆಂದರೆ ಆ ಕಾಗದ ಕನ್ನಡದಲ್ಲಿ ಇಂಗಿನ ಡಬ್ಬಿಯೊಳಗೆ ಇದ್ದಷ್ಟು ಕಾಲ ನಮ್ಮ ಸಂಬಂಧ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಇಂಗ್ಲಿಷಿಗೆ ತಂದು ಅದನ್ನು ಊರ್ಜಿತ ಮಾಡಿದವಳು ನಾನೇ.

ಇಷ್ಟನ್ನೂ ವಿವರಿಸಿದೆ. ದೊಡ್ಡಪ್ಪಯ್ಯ ಗಂಭೀರವಾಗಿ ಕೇಳಿ, ಗಂಭೀರವಾಗಿಯೇ ಒಂದು ದಾರಿ ಸೂಚಿಸಿದರು: "ಹಾಂಗಾರೆ ಎಂಟ್ ದಿನದ್ ಮಟ್ಟಿಗೆ ಸಂಬಂಧ ಬಿಡುವ. ವೀಸಾ ಬಂದ್ ಮೇಲೆ ಮತ್ತೆ ಹಿಡ್ಕಂಬ."

ನಗು ಬಂತು. ನಕ್ಕರೆ ಸೈನು ಹಾಕಿಬಿಡುತ್ತೇನೆ ಎಂದು ಹೆದರಿ ನಗಲಿಲ್ಲ. ನಾನು ಸತ್ಯಹರಿಶ್ಚಂದ್ರನ ಮನೆತನದವಳಲ್ಲ. ಹನ್ನೆರಡು ವರ್ಷ ತುಂಬಿದ ಮೇಲೂ ಬಸ್ಸಿನಲ್ಲಿ ಅರ್ಧ ಟಿಕೆಟಿನಲ್ಲಿ ಓಡಾಡಿದವಳು. ಆದರೆ ಆ ಸಾಲಿನ ಕೆಳಗೆ ಕೈ ಓಡಲಿಲ್ಲ. ಸುಳ್ಳು ಎಂದು ಗೊತ್ತಾದರೆ ಅವರ ಅರ್ಜಿ ಹೋಗುತ್ತದೆ, ಸಂಘದಿಂದ ನನ್ನ ಹೆಸರೂ ಹೋಗುತ್ತದೆ, ಇದು ಒಂದು ಭಯ. ಇನ್ನೊಂದು ಭಯವಲ್ಲ, ಬರೀ ಜಂಬ. ಈ ಸೈನನ್ನು ನಾನು ಈರುಳ್ಳಿ ಹೆಚ್ಚಿ ಸಂಪಾದಿಸಿದ್ದು. ನಮ್ಮ ಮನೆಯಲ್ಲಿ ಇರುವುದು ಅದೊಂದೇ. ಆಗುವುದಿಲ್ಲ ದೊಡ್ಡಪ್ಪಯ್ಯ, ಬೇರೆಯವರ ಹತ್ತಿರ ಮಾಡಿಸೋಣ ಎಂದೆ.

ಅವರು ಡಬ್ಬಿಯ ಮುಚ್ಚಳ ಹಾಕಿದರು. ಎರಡು ಸಲ ಒತ್ತಿ ಭದ್ರ ಮಾಡಿದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ಯಾವ ಸಿಟ್ಟೂ ಇಲ್ಲದೆ ಹೇಳಿದರು: "ನಾನ್ ಆವತ್ತೇ ಹೇಳಿದ್ದೆ."

ಆ ರಾತ್ರಿ ಅಮ್ಮ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಮೊಸರಿಗೆ ಬರುವ ಹೊತ್ತಿಗೆ ತಡೆಯಲಾರದೆ, ನಿನ್ನ ಫೀಸಿಗೂ ಪುಸ್ತಕಕ್ಕೂ ಓಡಾಡಿದವರಿಗೆ ಒಂದು ಗೀಟು ಎಳೆದು ಕೊಟ್ಟರೆ ನಿನ್ನ ಕೈ ಸವೆಯುತ್ತಿತ್ತೇ ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿತ್ತು. ಇಂಗ್ಲಿಷಿನಲ್ಲಿತ್ತು. ಅಮ್ಮನಿಗೆ ಒಪ್ಪುವಂತೆ ಅನುವಾದ ಮಾಡಲಿಕ್ಕಾಗಲಿಲ್ಲ.

ಬೇರೆಯವರ ಹತ್ತಿರ ಮಾಡಿಸೋಣ ಎಂದೆನಲ್ಲ, ಆ ಬೇರೆಯವರು ಈ ಊರಿನಲ್ಲಿ ನನಗೆ ತಿಳಿದಂತೆ ಒಬ್ಬರೇ. ಕೀಲ್ಪಾಕಿನ ವಾದಿರಾಜ ಮಾಮಾ. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮಾಧ್ವರ ಮನೆ. ಆಫೀಸು ಕೆಲಸದಿಂದ ನಿವೃತ್ತರಾಗಿ, ಕನ್ನಡದ ಕಾಗದಗಳ ಅನುವಾದ ಮಾಡುತ್ತಿದ್ದವರು. ನಾನು ಓದಿದ್ದು ಕಾರ್ಪೊರೇಷನ್ ಶಾಲೆಯಲ್ಲಿ, ತಮಿಳಿನಲ್ಲಿ. ನನಗೆ ಕನ್ನಡದ ಅಕ್ಷರ ಕಲಿಸಿದವರೂ ಇದೇ ಮಾಮಾ. ಅವರ ಭಾನುವಾರದ ಪಾಠಕ್ಕೆ ನನ್ನನ್ನು ಎಳೆದುಕೊಂಡು ಹೋಗಿ ಬಿಡುತ್ತಿದ್ದವರು ದೊಡ್ಡಪ್ಪಯ್ಯ. ಮುಂದೆ ನಾನೇ ಬೋರ್ಡು ಹಾಕಿಕೊಂಡಾಗ ಮಾಮಾ ಯಾರದೋ ಮುಂದೆ, ಹುಡುಗಿ ಚುರುಕು, ಆದರೆ ಅವಳದು ಹೋಟೆಲ್ ಕನ್ನಡ ಎಂದರಂತೆ. ಅಂದಿನಿಂದ ಅವರ ಮೆಟ್ಟಿಲು ಹತ್ತುವುದಿಲ್ಲ ಎಂದು ಶಪಥ ಮಾಡಿದ್ದೆ. ಶಪಥ ಮಾಡುವಾಗ ಮೆಟ್ಟಿಲು ಎಷ್ಟಿವೆ ಎಂದು ನೋಡಿಟ್ಟುಕೊಂಡಿರಬೇಕು. ಮೂರೇ ಇದ್ದವು. ಹತ್ತಲು ಬಹಳ ಹೊತ್ತು ಹಿಡಿಯಿತು.

ದೊಡ್ಡಪ್ಪಯ್ಯನನ್ನೂ ಡಬ್ಬಿಯನ್ನೂ ಕರೆದುಕೊಂಡು ಹೋಗಿದ್ದೆ. ರೈಲಿನಲ್ಲಿ ಇಬ್ಬರೂ ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡದೆ ಕೀಲ್ಪಾಕಿಗೆ ಹತ್ತಿರದ ಚೇತ್‌ಪೇಟೆ ಸ್ಟೇಷನ್ನಿನ ತನಕ ಬಂದಿದ್ದೆವು. ಮಾಮಾ ಟಿ.ಸಿ. ತೆಗೆದುಕೊಂಡವರೇ ಮೂರು ಸಲ ಸೀನಿದರು. ಆಮೇಲೆ ಪಾಸ್‌ಪೋರ್ಟು ನೋಡಿದರು. "ಏನಮ್ಮಾ, ಇವರಿಗೆ ಅಪ್ಪಾ ರೆಂಡು ಪೇರಾ, ಇಬ್ಬರಾ?" ಎಂದರು. ಹೋಟೆಲಿನ ಪದ್ಧತಿಯನ್ನು ಹೇಳಿದೆ. ಹನ್ನೊಂದು ಮಕ್ಕಳ ಕತೆಗೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ನಕ್ಕದ್ದಕ್ಕೆ ದೊಡ್ಡಪ್ಪಯ್ಯನ ಕ್ಷಮೆ ಕೇಳಿ, ಮೊದಲು ನಿಜವನ್ನು ಬರೆದು ನೋಟರಿಯ ಮುಂದೆ ಪ್ರಮಾಣ ಮಾಡಿಸಿ, ಪಾಸ್‌ಪೋರ್ಟು ತಿದ್ದಿಸಿಕೊಳ್ಳಿ ಎಂದರು. ನಾನು ಅದನ್ನೇ ಹೇಳಬೇಕೆಂದಿದ್ದೆ. ಮಾಮಾ ಹೇಳಿದ್ದರಿಂದ ದೊಡ್ಡಪ್ಪಯ್ಯ ಒಪ್ಪಿದರು.

ನಾನು ನನ್ನ ಸೈನಿಲ್ಲದ ಅನುವಾದವನ್ನು ಮುಂದೆ ಚಾಚಿ, ಎಲ್ಲ ತಯಾರಿದೆ ಮಾಮಾ, ನಿಮ್ಮ ಸೈನು ಒಂದು ಬಿದ್ದರೆ ಸಾಕು ಎಂದೆ. ಮಾಮಾ ಅದನ್ನು ಓದದೆ ಮಗುಚಿ ಇಟ್ಟರು. "ಇನ್ನೊಬ್ಬರು ಮಾಡಿದ್ದಕ್ಕೆ ನಾ ಸೈನ್ ಮಾಡೋಲ್ಲಮ್ಮಾ. ನಾನೇ ಕೂತು ಮಾಡ್ತೀನಿ. ನಿಂಗೆ ನಿನ್ನ ಸೈನ್ ಹೇಗೋ, ನಂಗೂ ಹಾಗೇ." ದೊಡ್ಡಪ್ಪಯ್ಯ ಆಗ ಮೊದಲ ಸಲ ನನ್ನ ಮುಖ ನೋಡಿದರು.

ಮಾಮಾ ಕೈಯಲ್ಲಿ ಬರೆಯುವವರು. ನಿಧಾನ. ದೊಡ್ಡಪ್ಪಯ್ಯನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಮಾಮಿ ಮಗಳ ಮನೆಗೆ ಹೋಗಿದ್ದಾರೆ, ಮಧ್ಯಾಹ್ನಕ್ಕೆ ಬ್ರೆಡ್ಡು ಎಂದು ಕೇಳಿದ್ದೇ ತಡ, ಅಡಿಗೆಮನೆ ಹೊಕ್ಕರು. ಒಳಗಿಂದ ಒಗ್ಗರಣೆ ಸಿಡಿಯುವ ಸದ್ದು ಬಂತು. ಮಾಮಾನ ಪೆನ್ನು ಎರಡು ಸಲ ನಿಂತಿತು. ಅನುವಾದ ಮುಗಿಯುವ ಹೊತ್ತಿಗೆ ಕುಂಬಳಕಾಯಿಯ ಮಜ್ಜಿಗೆಹುಳಿಯೂ ಸಿದ್ಧವಾಗಿತ್ತು.

ಊಟವಾದ ಮೇಲೆ ಮಾಮಾ ತಮ್ಮದರ ಪಕ್ಕ ನನ್ನ ಹಾಳೆಯನ್ನು ಇಟ್ಟು ಹೋಲಿಸಿ ನೋಡಿದರು. ಶಾಲೆ ಬಿಟ್ಟ ಕಾರಣದ ಹತ್ತಿರ ಬೆರಳು ನಿಂತಿತು. ತಮ್ಮದನ್ನು ನೋಡಿದರು, ನನ್ನದನ್ನು ನೋಡಿದರು. ತಮ್ಮ ಹಾಳೆಯನ್ನು ಹರಿದುಹಾಕಿ, ಮೊದಲಿನಿಂದ ಮತ್ತೆ ಬರೆಯಲು ಕೂತರು. ಬಹಳ ಹೊತ್ತಿನ ಮೇಲೆ, ಬರೆಯುತ್ತಲೇ, ಹೋಟೆಲಿನ ವಿಷಯ ಹೋಟೆಲಿನವರಿಗೇ ಗೊತ್ತು ಎಂದು ಗೊಣಗಿದರು. ನಾನು ಅದನ್ನು ಕ್ಷಮಾಪಣೆ ಎಂದು ಅನುವಾದಿಸಿಕೊಂಡೆ. ಮೂಲಕ್ಕೆ ನಿಷ್ಠವಾಗಿದೆಯೋ ಇಲ್ಲವೋ, ಅದಕ್ಕೆ ಸೀಲು ಬೇಕಾಗಿರಲಿಲ್ಲ.

ಪಾಸ್‌ಪೋರ್ಟು ತಿದ್ದುವ ತನಕ ಅಪರ್ಣಾ ಕಾದಳು. ಐದು ತಿಂಗಳಿಗೆ ದೊಡ್ಡಪ್ಪಯ್ಯ ಅನಂತಯ್ಯನ ಮಗನಾಗಿ, ನನ್ನ ದೊಡ್ಡಪ್ಪಯ್ಯನಾಗಿ, ಪದ್ಮನಾಭಯ್ಯನವರಿಗೆ ಹತ್ತೇ ಮಕ್ಕಳನ್ನು ಉಳಿಸಿ ವಿಮಾನ ಹತ್ತಿದರು. ವಿಮಾನ ನಿಲ್ದಾಣದಲ್ಲಿ ಕಾಲಿಗೆ ನಮಸ್ಕಾರ ಮಾಡಿದಾಗ ತಲೆ ಮುಟ್ಟಿದರು. ಸೈನಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಫೋನುಗಳಲ್ಲಿ ಅಲ್ಲಿಯ ಚಳಿ, ಅಲ್ಲಿಯ ಕುಂಬಳಕಾಯಿ, ಅಲ್ಲಿಯವರು ಹುಳಿಯನ್ನು ಬಟ್ಟಲಿಗೆ ಹಾಕಿಕೊಂಡು ಸೂಪಿನ ಹಾಗೆ ಕುಡಿಯುವ ಅನಾಚಾರ, ಎಲ್ಲ ಬಂತು. ಅದೊಂದು ಬರಲಿಲ್ಲ. ನನ್ನ ಸೈನಿಲ್ಲದ ಆ ಹಾಳೆ ಈಗಲೂ ಮೇಜಿನ ಕೆಳಗಿನ ಡ್ರಾಯರಿನಲ್ಲಿದೆ. ಆರು ವರ್ಷದಲ್ಲಿ ನಾನು ಸಾವಿರ ಸೈನು ಹಾಕಿರಬಹುದು. ಹಾಕದ ಒಂದನ್ನು ಮಾತ್ರ ಆಗಾಗ ತೆಗೆದು ನೋಡುತ್ತೇನೆ.

ಇವತ್ತು ಬೆಳಿಗ್ಗೆ ಶಂಕರನ ಟಿ.ಸಿ.ಯನ್ನು ಮೂಗಿನಿಂದ ಇಳಿಸಿ, ಇದನ್ನೂ ಇಂಗಿನ ಡಬ್ಬಿಯಲ್ಲೇ ಇಟ್ಟಿದ್ದಿರೋ ಎಂದು ಕೇಳಿದೆ. ವಾಸುದೇವಣ್ಣ ಕಲಿಸಿದ್ದು ಎಂದ. ಅವನಿಗೂ ಆಕ್ಲೆಂಡಿನಿಂದ ಕರೆ ಬಂದಿದೆ. ದೋಸೆಯ ಕಲ್ಲಿಗೆ ಬೇರೆ ಯಾರೂ ಬೇಡ, ಶಂಕರನೇ ಬರಲಿ ಎಂದು ದೊಡ್ಡಪ್ಪಯ್ಯ ಹಟ ಹಿಡಿದಿದ್ದಾರಂತೆ. ತಂದೆಯ ಹೆಸರು ತಿದ್ದಿಸಿದ ಹೊಸ ಪಾಸ್‌ಪೋರ್ಟನ್ನೂ ನೋಟರಿಯ ಕಾಗದವನ್ನೂ ಮೊದಲೇ ಸಿದ್ಧ ಮಾಡಿಕೊಂಡು ಬಂದಿದ್ದ. ನಾನು ಕೇಳಬೇಕಾದದ್ದನ್ನು ಕೇಳಿದೆ: ನಮಗೂ ನಿಮಗೂ ಸಂಬಂಧ ಏನಾದರೂ ಉಂಟೋ?

"ಮೊದ್ಲ್ ಕಾಗದದಗೆ ನಿಮ್ಮ ದೊಡ್ಡಪ್ಪಯ್ಯನ ತಮ್ಮ ಆಗಿದ್ದೆ ಮೇಡಂ. ಈಗ ನಾನೂ ತಿದ್ಸಿದ್ದೆ. ಎಂತದೂ ಇಲ್ಲೆ" ಎಂದ ಶಂಕರ.

ಓದಿದೆ. ಗುಣನಡತೆ ಒಳ್ಳೆಯದು. ಶಾಲೆ ಬಿಡಲು ಕಾರಣ: ಹೋಟೆಲಿಗೆ ಹೋದನು. ಆರು ವರ್ಷ ಹಿಂದೆ ಬರೆದ ಅದೇ ವಾಕ್ಯವನ್ನು ಡ್ರಾಯರಿನ ಹಾಳೆ ನೋಡದೆಯೇ ಬರೆದೆ. ಸಂಬಂಧವಿಲ್ಲ ಎಂಬ ಸಾಲನ್ನು ಒಂದಲ್ಲ, ಎರಡು ಸಲ ಓದಿದೆ. ಸೈನು ಹಾಕಿ, ನಾಲ್ಕು ಬೆರಳು ಜಾಗದಲ್ಲಿ ಸೀಲು ಒತ್ತಿ, ಮಸಿ ಆರಲು ಊದಿ, ಕೈಗೆ ಕೊಟ್ಟೆ. ಶಂಕರ ಅದನ್ನು ಕಣ್ಣಿಗೆ ಒತ್ತಿಕೊಂಡು ಫೋನು ತೆಗೆದ. ಅತ್ತ ಕಡೆ ಬಿಳಿ ಟೋಪಿ ಹಾಕಿಕೊಂಡ ದೊಡ್ಡಪ್ಪಯ್ಯ, ಹಿಂದೆ ಹೊಗೆಯಾಡುವ ದೊಡ್ಡ ಪಾತ್ರೆ. ಶಂಕರ ಕಾಗದವನ್ನು ಫೋನಿನ ಮುಂದೆ ಹಿಡಿದ. ದೊಡ್ಡಪ್ಪಯ್ಯ ಕನ್ನಡಕ ಏರಿಸಿಕೊಂಡು, ಸೌಟು ಕೈಯಲ್ಲೇ ಹಿಡಿದು, ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ನೋಡಿದರು. ಸೀಲಿನ ಹತ್ತಿರ ಬಂದು ನಿಂತರು. ಎಂ.ಎ. ಎಂಬುದನ್ನೂ ಓದಿದರು ಎಂದು ತುಟಿ ನೋಡಿ ತಿಳಿಯಿತು.

ಇಷ್ಟು ದೊಡ್ಡ ಊರಿನಲ್ಲಿ ಎಷ್ಟೋ ಅನುವಾದಕರಿರುವಾಗ ಶಂಕರನನ್ನು ಕ್ರೋಂಪೇಟೆಯ ತನಕ ಓಡಿಸಿದಿರಲ್ಲ ದೊಡ್ಡಪ್ಪಯ್ಯ, ನಮ್ಮ ಮನೆಯವರ ಸೈನು ನಡೆಯುವುದಿಲ್ಲ ಎಂದವರು ನೀವೇ ಅಲ್ಲವೇ ಎಂದು ಕೆಣಕಿದೆ.

ದೊಡ್ಡಪ್ಪಯ್ಯ ಸೌಟನ್ನು ಪಾತ್ರೆಗೆ ಇಳಿಸಿ, ಎಂದಿನ ಹಾಗೆ ಬೆನ್ನು ತಿರುಗಿಸಿಕೊಂಡು ಹೇಳಿದರು: "ನಂಗೇ ಸುಳ್ಳ್ ಸೈನ್ ಹಾಕ್ಲಿಲ್ಲೆ ಅಲ್ದಾ ಹೆಣೆ, ಅದಕ್ಕೇ ಅವ್ನನ್ನ್ ನಿನ್ನ ಹತ್ರ ಕಳ್ಸಿದ್ದ್."